ಧ್ವನಿಯ ಒರೆಗಲ್ಲು

1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, 30 ವಾಟಿನ ಪ್ರೇಷಕಯಂತ್ರದಿಂದ, ಬಾನುಲಿಯನ್ನು ಆರಂಭಿಸಿದರು. ಮೂವತ್ತು ವರ್ಷಗಳ ತರುವಾಯ, 1965ರಲ್ಲಿ, ಭದ್ರಾವತಿಯಲ್ಲಿಯೂ ನಿಲಯವೊಂದು ನೆಲೆಗೊಂಡಿತು; ನೆರೆಯ ಶಿವಮೊಗ್ಗದ ಮನೆಗಳಿಗೆ ತಮ್ಮ ಸೀಮೆಯ ದನಿಯೇ ಬಂದಿತು. ಆ ದನಿ ಯಂತ್ರಗಳಲ್ಲಿ ಹಾಯುವಾಗ ಕೆಡಲಿಲ್ಲವೆಂದು ಅರಿಯುವ ಬಗೆ ಯಾವುದು?

ಇದಕ್ಕೆ ಕಿವಿಯೊಂದೇ ಸಾಲದು. ಅದು ದೋಷಕ್ಕೂ ಬೇಗನೆ ಒಗ್ಗಿಬಿಡುತ್ತದೆ. ಆದುದರಿಂದ ಆಂದೋಲಕವೆಂಬ ಉಪಕರಣದಿಂದ ಶುದ್ಧವಾದ ಒಂದೇ ಸ್ವರವನ್ನು ಧ್ವನಿವರ್ಧಕಕ್ಕೆ ಕೊಟ್ಟು, ಹೊರಬಂದುದರಲ್ಲಿ ಬೆರೆತ ಅನ್ಯಸ್ವರಗಳನ್ನು ಅಳೆಯುತ್ತಾರೆ. ಹಿಂದಿನ ಆಂದೋಲಕಗಳು ಭಾರವಾದುವು, ದುಬಾರಿಯಾದುವು. ಸ್ವರವೂ ಮೆಲ್ಲನೆ ಜಾರುತ್ತಿತ್ತು. ಅಮೆರಿಕದ ವಿಲಿಯಂ ಹ್ಯೂಲೆಟ್ಟರು ಪುಟ್ಟ ವಿದ್ಯುದ್ದೀಪವೊಂದನ್ನು ಮಂಡಲದೊಳಗಿರಿಸಿ ಸ್ವರದ ಬಲವನ್ನು ಸ್ಥಿರಗೊಳಿಸಿದರು. ಇತರರ ಉಪಕರಣಗಳು ಇನ್ನೂರು ಡಾಲರುಗಳನ್ನು ಮೀರಿದ್ದಾಗ ಅವರದು ಸುಮಾರು 54 ಡಾಲರಿಗೆ ದೊರೆಯಿತು. 1940ರಲ್ಲಿ ತೆರೆಕಂಡ ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿವ್ಯವಸ್ಥೆಗಾಗಿ ಡಿಸ್ನಿ ಸಂಸ್ಥೆ ಈ ಬಗೆಯ ಎಂಟನ್ನು ಕೊಂಡಿತು.

ಹಾಗಾದರೆ ಆರಿಸುವಾಗ ಬೆಲೆಯನ್ನು ಮಾತ್ರ ನೋಡಿದರೆ ಸಾಕೆ? ಶಿವಮೊಗ್ಗದ ಅಡಕೆ ಮಂಡಿಯನ್ನು ಬಲ್ಲವರು ಮೊದಲು ತಕ್ಕಡಿಯನ್ನು ಪರೀಕ್ಷಿಸುತ್ತಾರೆ. ನಾವೂ ಧ್ವನಿವರ್ಧಕವನ್ನು ನಡುವೆ ಇಡದೆ, ಆಂದೋಲಕವನ್ನು ನೇರವಾಗಿ ಮಾಪಕಕ್ಕೆ ಜೋಡಿಸಿ ಅಳೆಯಬೇಕು. ಆಗ ಕಾಣುವ ದೋಷವೆಲ್ಲ ಉಪಕರಣಗಳದೇ. ಅಳೆಯಬೇಕಾದ ದೋಷಕ್ಕಿಂತ ಅದು ಬಹಳ ಕಿರಿದಾಗಿರಬೇಕು. ಇಲ್ಲವಾದರೆ ಮುಳ್ಳು ಹೇಳುವ ಅಂಕೆ ಧ್ವನಿವರ್ಧಕದ್ದಲ್ಲ, ಮಾಪಕದ್ದು. ಒರೆಗಲ್ಲೇ ಕಳಪೆಯಾದಲ್ಲಿ ಚಿನ್ನದ ಮೇಲೆ ಅಪವಾದ ಹೊರಿಸುವುದು ನ್ಯಾಯವಲ್ಲ.