ಗಣಿ ಮುಚ್ಚಿತು, ಪಂಪು ಮಾತ್ರ ಓಡ್ತಾನೇ ಇದೆ

ಇವತ್ತು ಹೇಳ್ತಿರೋದು ಒಂದು ಕಲ್ಲಿದ್ದಲು ಗಣಿಯ ಕಥೆ. ಸಾಮಾನ್ಯವಾಗಿ ಇಂಥ ಕಥೆ ಗಣಿ ಮುಚ್ಚಿದ ದಿನ ಮುಗಿಯುತ್ತೆ. ನಾನು ಅಲ್ಲಿಂದಲೇ ಶುರು ಮಾಡ್ತೀನಿ.

2018ರ ಡಿಸೆಂಬರ್ 21. ಜರ್ಮನಿಯ ರೂರ್ ಪ್ರದೇಶದಲ್ಲಿರುವ ಬೋಟ್ರೋಪ್ ಊರು. ಪ್ರೋಸ್ಪರ್-ಹಾನಿಯೆಲ್ ಗಣಿಯಿಂದ ಮೇಲೆ ಬಂದ ಕಾರ್ಮಿಕರು ಕೊನೆಯ ಕಲ್ಲಿದ್ದಲ ತುಂಡನ್ನು ಅಧ್ಯಕ್ಷ ಫ್ರಾಂಕ್-ವಾಲ್ಟರ್ ಸ್ಟೈನ್‌ಮೈಯರ್ ಅವರ ಕೈಗಿಟ್ಟರು. ಅಲ್ಲಿಗೆ ಆ ದೇಶದಲ್ಲಿ ನೆಲದಾಳದ ಕಲ್ಲಿದ್ದಲು ಗಣಿಗಾರಿಕೆ ಮುಗಿಯಿತು. ಕಾರ್ಮಿಕರು ಮನೆಗೆ ಹೋದರು. ಆದರೆ ನೀರೆತ್ತುವ ಪಂಪುಗಳಿಗೆ ರಜೆ ಸಿಗಲಿಲ್ಲ.

ಯಾಕೆ? ಗಣಿ ಅಂದ್ರೆ ಒಂದು ರೀತಿಯಲ್ಲಿ ದೈತ್ಯ ಬಾವಿ. ಅಗೆದಷ್ಟೂ ಸುತ್ತಲಿನ ಬಂಡೆಗಳಿಂದ ನೀರು ಒಸರುತ್ತೆ. ಉಗಿಯಂತ್ರದ ಹೆಸರು ಕೇಳಿದರೆ ನಮಗೆಲ್ಲ ರೈಲು ನೆನಪಾಗುತ್ತೆ ಅಲ್ವಾ? ಆದರೆ ಥಾಮಸ್ ನ್ಯೂಕಾಮನ್ 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಹತ್ತಿರ ನಿಲ್ಲಿಸಿದ ಯಂತ್ರ ಮಾಡ್ತಿದ್ದದ್ದು ಕಲ್ಲಿದ್ದಲು ಗಣಿಯಿಂದ ನೀರೆತ್ತುವ ಕೆಲಸ. ಅಂದಿನಿಂದಲೂ ಆಳದ ಗಣಿ ಉಳಿದಿರೋದು ಪಂಪಿನ ಬಲದ ಮೇಲೆ.

ಪಂಪು ನಿಲ್ಲಿಸಿದರೆ ಖಾಲಿ ಸುರಂಗಗಳಲ್ಲಿ ನೀರು ನಿಧಾನಕ್ಕೆ ಏರುತ್ತೆ. ಅದು ಶುದ್ಧ ನೀರಲ್ಲ. ಕಲ್ಲಿದ್ದಲ ಜೊತೆ ಇರುವ ಪೈರೈಟ್ ಎಂಬ ಖನಿಜದಲ್ಲಿ ಕಬ್ಬಿಣ ಮತ್ತು ಗಂಧಕ ಇರುತ್ತವೆ. ಅದಕ್ಕೆ ಗಾಳಿ, ನೀರು ಎರಡೂ ತಾಗಿದರೆ ಆಮ್ಲ ಹುಟ್ಟಿ, ಕಬ್ಬಿಣ ಕರಗುತ್ತೆ. ಇಂಥ ನೀರು ಹೊಳೆಗೆ ಸೇರಿದರೆ ಹೊಳೆಯ ತಳಕ್ಕೆ ಕಿತ್ತಳೆ ಬಣ್ಣದ ರಾಡಿ ಕೂರುತ್ತೆ, ಮೀನು ಬದುಕೋದು ಕಷ್ಟ. ರೂರ್‌ನಲ್ಲಿ ಇದರ ಜೊತೆಗೆ ಆಳದ ಬಂಡೆಗಳ ಉಪ್ಪೂ ಇದೆ. ಗಣಿಯಂತ್ರಗಳ ಹೈಡ್ರಾಲಿಕ್ ಎಣ್ಣೆಯಲ್ಲಿ ಹಿಂದೆ ಬಳಸಿದ್ದ ಪಿಸಿಬಿ ಎಂಬ ವಿಷವೂ ಇದೆ. ಇದು ಕುಡಿಯುವ ಅಂತರ್ಜಲದ ಪದರ ಮುಟ್ಟಬಾರದು. ಹಾಗಾಗಿ ಈಗಿನ ಯೋಜನೆ ಹೀಗಿದೆ: ನೀರು ಸ್ವಲ್ಪ ಏರಲಿ, ಆದರೆ ಅಂತರ್ಜಲಕ್ಕಿಂತ ಸಾಕಷ್ಟು ಕೆಳಗೇ ಅದನ್ನು ತಡೆದು ಹಿಡಿಯೋಣ. ಪಂಪಿಂಗ್ ಕೇಂದ್ರಗಳು ಕಡಿಮೆಯಾಗಲಿ, ಎತ್ತಿದ ನೀರು ಸಣ್ಣ ಹೊಳೆಗಳಿಗೆ ಹೋಗೋದರ ಬದಲು ಹೆಚ್ಚಾಗಿ ರೈನ್‌ನಂಥ ದೊಡ್ಡ ನದಿಗೆ ಸೇರಲಿ. ವಿಷದ ವಿಚಾರದಲ್ಲಿ ಇಷ್ಟು ಸಾಕೇ ಅಂತ ಪರಿಸರವಾದಿಗಳು ಇವತ್ತಿಗೂ ಕೇಳ್ತಾನೇ ಇದ್ದಾರೆ.

ಇನ್ನೊಂದು ತೊಂದರೆ ನೆಲದ ಮೇಲೇ ಇದೆ. ಕೆಳಗಿನ ಕಲ್ಲಿದ್ದಲು ತೆಗೆದಂತೆ ಮೇಲಿನ ನೆಲ ಕುಸಿಯಿತು, ಕೆಲವು ಕಡೆ 20 ಮೀಟರ್‌ಗೂ ಹೆಚ್ಚು. ಎಮ್ಶರ್ ಎಂಬ ನದಿಗೆ ಹರಿಯೋಕೆ ಇಳಿಜಾರೇ ಉಳಿಯಲಿಲ್ಲ. ಅದು ರೈನ್ ಸೇರುವ ಜಾಗವನ್ನು ಎರಡು ಸಲ ಬದಲಿಸಬೇಕಾಯಿತು. ನೆಲದಡಿ ಚರಂಡಿ ಪೈಪು ಹಾಕಿದರೆ ಕುಸಿತಕ್ಕೆ ಒಡೆದುಹೋಗುತ್ತೆ. ಅದಕ್ಕೇ 1899ರಲ್ಲಿ ಊರುಗಳೂ ಗಣಿ ಕಂಪನಿಗಳೂ ಸೇರಿ ಒಂದು ಒಕ್ಕೂಟ ಕಟ್ಟಿ, ನದಿಯನ್ನೇ ಕಾಂಕ್ರೀಟು ಹಾಸಿದ ತೆರೆದ ಚರಂಡಿ ಮಾಡಿಬಿಟ್ಟವು. ಗಣಿಗಳು ಬೇರೆ ಕಡೆ ಸರಿದು ನೆಲ ಸ್ಥಿರವಾದ ಮೇಲೆ, 1992ರಿಂದ ಅದನ್ನು ಮತ್ತೆ ನದಿಯಾಗಿಸುವ ಕೆಲಸ ನಡೆಯಿತು. 500 ಕೋಟಿ ಯೂರೊಗೂ ಹೆಚ್ಚು ಖರ್ಚಾಯಿತು. 2021ರ ಕೊನೆಗೆ ಎಮ್ಶರ್‌ಗೆ ಕೊಳಚೆ ಸೇರೋದು ನಿಂತಿತು. ನದಿ ಕೆಡಿಸೋದಕ್ಕಿಂತ ಸರಿಮಾಡೋದು ಎಷ್ಟು ದುಬಾರಿ ನೋಡಿ. ಕುಸಿದ ತಗ್ಗುಗಳಲ್ಲಿ ಇವತ್ತಿಗೂ ಮಳೆನೀರನ್ನು ಪಂಪು ಮಾಡಿ ಹೊರಹಾಕಬೇಕು. ಇಲ್ಲದಿದ್ದರೆ ಜನ ವಾಸಿಸುವ ಊರುಗಳೇ ಕೆರೆಯಾಗುತ್ತವೆ.

ಈ ಕೆಲಸಗಳಿಗೆ ಜರ್ಮನರು ಇಟ್ಟ ಹೆಸರಿನ ಅರ್ಥ 'ಅನಂತಕಾಲದ ಕೆಲಸಗಳು'. ಅದು ಅಲಂಕಾರದ ಮಾತಲ್ಲ, ಒಪ್ಪಂದದ ಭಾಷೆ.

ಹಾಗಾದ್ರೆ ಅನಂತಕಾಲದ ಬಿಲ್ಲು ಯಾರು ಕಟ್ಟೋದು? ನನ್ನನ್ನು ಹೆಚ್ಚು ಹಿಡಿದಿಟ್ಟ ಭಾಗ ಇದೇ. ಕೊನೆಯ ಗಣಿ ಮುಚ್ಚುವ 11 ವರ್ಷ ಮೊದಲೇ, 2007ರಲ್ಲಿ, ಎಸೆನ್ ನಗರದಲ್ಲಿ ಆರ್‌ಎಜಿ ಪ್ರತಿಷ್ಠಾನ ಹುಟ್ಟಿತು. ಗಣಿ ಕಂಪನಿಯ ಲಾಭದಾಯಕ ರಾಸಾಯನಿಕ ಉದ್ಯಮದ ಷೇರುಗಳನ್ನು ಅದಕ್ಕೆ ಕೊಟ್ಟರು. ಆ ಷೇರುಗಳ ಆದಾಯದಿಂದ ಪಂಪು ಓಡಬೇಕು. ಖರ್ಚು ವರ್ಷಕ್ಕೆ ಸುಮಾರು 22 ಕೋಟಿ ಯೂರೊ ಅಂತ ಅಂದಾಜು ಮಾಡಿದ್ದರು. ಹಣ ಸಾಲದಿದ್ದರೆ ಸರ್ಕಾರಗಳು ತುಂಬಿಕೊಡಬೇಕು. ಷೇರು ಬಿದ್ದರೆ ಗತಿಯೇನು ಅನ್ನೋ ಪ್ರಶ್ನೆ ಇದ್ದೇ ಇದೆ. ಆದರೂ ಕಲ್ಲಿದ್ದಲು ಇನ್ನೂ ಬರ್ತಿದ್ದಾಗಲೇ ಈ ಲೆಕ್ಕ ಹಾಕಿದರಲ್ಲ, ಅದು ಮುಖ್ಯ.

ನಮ್ಮ ಕಡೆ? ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೆ ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಿಂದ ಕಲ್ಲಿದ್ದಲು ಬರುತ್ತೆ, ಅಲ್ಲಿ ನೆಲದಾಳದ ಗಣಿಗಳೂ ಇವೆ. ನಿಮ್ಮ ಫೋನಿನ ಚಾರ್ಜಿನಲ್ಲಿ ಅದರ ಪಾಲೂ ಇರಬಹುದು. ಗಣಿಯಲ್ಲಿ ನೀರು ತುಂಬೋದು ಏನು ಅಂತ ಕೋಲಾರದವರಿಗೆ ಗೊತ್ತು. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲೆ, 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕಿಳಿದಿದ್ದ ಸುರಂಗಗಳಿಗೆ ನೀರು ನುಗ್ಗಿತು.

2009ರಲ್ಲಿ ಕೇಂದ್ರ ಕಲ್ಲಿದ್ದಲು ಸಚಿವಾಲಯ ಒಂದು ಮಾರ್ಗಸೂಚಿ ತಂದಿತು. ಗಣಿ ಮುಚ್ಚುವ ಖರ್ಚಿಗೆ ಕಂಪನಿಗಳು ಮೊದಲೇ ಪ್ರತ್ಯೇಕ ಖಾತೆಯಲ್ಲಿ ಹಣ ಇಡಬೇಕು ಅನ್ನೋದು ಅದರ ಸಾರ. ಒಳ್ಳೆಯ ಹೆಜ್ಜೆ. ಆಗ ನಿಗದಿಯಾದ ದರ, ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ, ನೆಲದಾಳದ ಗಣಿಗೆ 1 ಲಕ್ಷ. ಮೇಲೆ ಕಾಣುವ ಗಾಯ ಚಿಕ್ಕದು, ಹಾಗಾಗಿ ದರವೂ ಕಡಿಮೆ. ಆದರೆ ರೂರ್ ಕಲಿಸಿದ ಪಾಠವೇ ಬೇರೆ: ಆಳದ ಗಣಿಯ ದೊಡ್ಡ ಖರ್ಚು ಕಣ್ಣಿಗೆ ಕಾಣದ ನೀರಿನದು, ಅದು ಯಾವತ್ತೂ ಮುಗಿಯಲ್ಲ.

ಹಾಗಾಗಿ ಮುಂದೆ ಎಲ್ಲಾದರೂ 'ಗಣಿ ಮುಚ್ಚಲಾಗಿದೆ' ಅನ್ನೋ ಸುದ್ದಿ ಓದಿದರೆ ಎರಡೇ ಪ್ರಶ್ನೆ ಕೇಳಿ. ಪಂಪು ಓಡ್ತಿದೆಯಾ? ಅದರ ಕರೆಂಟು ಬಿಲ್ಲು ಯಾರ ಹೆಸರಲ್ಲಿದೆ?