ಐರಿಷ್ ಭಾಷೆ: ಸಂವಿಧಾನದಲ್ಲಿ ಮೊದಲು, ಮನೆಯಂಗಳದಲ್ಲಿ ವಿರಳ

ಐರ್ಲೆಂಡಿನ 1937ರ ಸಂವಿಧಾನದ 8ನೇ ವಿಧಿಯ ಪ್ರಕಾರ ಐರಿಷ್ ಆ ದೇಶದ ರಾಷ್ಟ್ರಭಾಷೆ ಹಾಗೂ ಪ್ರಥಮ ಅಧಿಕೃತ ಭಾಷೆ. ಇಂಗ್ಲಿಷಿನದು ಎರಡನೆಯ ಸ್ಥಾನ. 2022ರ ಜನಗಣತಿಯಲ್ಲಿ 18,73,997 ಮಂದಿ, ಎಂದರೆ 3 ವರ್ಷ ಮೇಲ್ಪಟ್ಟವರಲ್ಲಿ ಶೇ. 40ರಷ್ಟು ಜನ, ತಾವು ಐರಿಷ್ ಮಾತನಾಡಬಲ್ಲೆವೆಂದು ಬರೆಸಿದ್ದಾರೆ. ಆದರೆ ಶಾಲೆಯ ಹೊರಗೆ ಪ್ರತಿದಿನವೂ ಅದನ್ನು ಆಡುವವರು 71,968 ಮಂದಿ ಮಾತ್ರ. ಈ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿಯೇ ಈ ಭಾಷೆಯ ಇಂದಿನ ಸಮಸ್ಯೆ ಅಡಗಿದೆ.

ಮೂಲ ಮತ್ತು ಸ್ವರೂಪ

ಐರಿಷರು ತಮ್ಮ ಭಾಷೆಯನ್ನು 'ಗೇಲ್ಗೆ' ಎಂದು ಕರೆಯುತ್ತಾರೆ. ಇದು ಇಂಡೋ-ಯುರೋಪಿಯನ್ ಪರಿವಾರದ ಕೆಲ್ಟಿಕ್ ಶಾಖೆಗೆ ಸೇರಿದೆ. ಸ್ಕಾಟ್ಲೆಂಡಿನ ಗೇಲಿಕ್ ಮತ್ತು ಮ್ಯಾನ್ ದ್ವೀಪದ ಮ್ಯಾಂಕ್ಸ್ ಇದರ ಹತ್ತಿರದ ಸೋದರ ಭಾಷೆಗಳು. ವೆಲ್ಷ್ ಮತ್ತು ಬ್ರೆಟನ್ ದೂರದ ಬಂಧುಗಳು. ಮನ್‌ಸ್ಟರ್, ಕಾನಾಟ್ ಮತ್ತು ಅಲ್‌ಸ್ಟರ್ ಎಂಬ ಮೂರು ಪ್ರಮುಖ ಉಪಭಾಷೆಗಳು ಇಂದಿಗೂ ಬಳಕೆಯಲ್ಲಿವೆ.

ಈ ಭಾಷೆಯ ವಾಕ್ಯದಲ್ಲಿ ಸಾಮಾನ್ಯವಾಗಿ ಕ್ರಿಯಾಪದವೇ ಮೊದಲು ಬರುತ್ತದೆ. 'ಹೌದು', 'ಇಲ್ಲ' ಎಂಬುದಕ್ಕೆ ಪ್ರತ್ಯೇಕ ಪದಗಳಿಲ್ಲ, 'ಬಂದೆಯಾ?' ಎಂದು ಕೇಳಿದರೆ 'ಬಂದೆ' ಅಥವಾ 'ಬರಲಿಲ್ಲ' ಎಂದೇ ಉತ್ತರಿಸಬೇಕು.

ಬರಹದ ಅತ್ಯಂತ ಹಳೆಯ ಕುರುಹುಗಳು ಕಲ್ಲಿನ ಅಂಚಿನಲ್ಲಿ ಗೀರುಗಳಾಗಿ ಕೆತ್ತಿದ ಓಗಮ್ ಶಾಸನಗಳು. ಕ್ರೈಸ್ತ ಮತದೊಡನೆ ಲ್ಯಾಟಿನ್ ಲಿಪಿಯೂ ಬಂದಿತು. 8ನೇ ಶತಮಾನದ ಸನ್ಯಾಸಿಗಳು ಲ್ಯಾಟಿನ್ ಹಸ್ತಪ್ರತಿಗಳ ಸಾಲುಗಳ ನಡುವೆಯೂ ಅಂಚುಗಳಲ್ಲೂ ಬರೆದಿಟ್ಟ ಐರಿಷ್ ಟಿಪ್ಪಣಿಗಳು ಜರ್ಮನಿಯ ವುರ್ಟ್ಸ್‌ಬರ್ಗ್ ಮೊದಲಾದೆಡೆ ಉಳಿದುಬಂದಿವೆ. ಪಶ್ಚಿಮ ಯುರೋಪಿನ ದೇಶಭಾಷಾ ಸಾಹಿತ್ಯಗಳಲ್ಲಿ ಐರಿಷ್ ಸಾಹಿತ್ಯ ಅತಿ ಪ್ರಾಚೀನವಾದವುಗಳಲ್ಲೊಂದು.

ಇಳಿಮುಖದ ಕಾಲ

12ನೇ ಶತಮಾನದಲ್ಲಿ ಬಂದ ಆಂಗ್ಲೋ-ನಾರ್ಮನ್ನರಲ್ಲಿ ಅನೇಕರು ಕ್ರಮೇಣ ಐರಿಷ್ ಭಾಷಿಕರೇ ಆದರು. ಇದನ್ನು ತಡೆಯಲೆಂದೇ 1366ರ ಕಿಲ್ಕೆನಿ ಶಾಸನವು ಇಂಗ್ಲಿಷ್ ವಸಾಹತುಗಾರರು ಐರಿಷ್ ಆಡಬಾರದೆಂದು ವಿಧಿಸಿತು. ಅದು ಹೆಚ್ಚು ಫಲ ನೀಡಲಿಲ್ಲ. ನಿಜವಾದ ಪೆಟ್ಟು ಬಿದ್ದುದು 17ನೇ ಶತಮಾನದಲ್ಲಿ. 1601ರ ಕಿನ್ಸೇಲ್ ಯುದ್ಧದಲ್ಲಿ ಸೋತ ಗೇಲಿಕ್ ನಾಯಕರು 1607ರಲ್ಲಿ ದೇಶ ತೊರೆದರು. ಅವರೊಡನೆ ಕವಿಗಳಿಗೂ ವಿದ್ವಾಂಸರಿಗೂ ಇದ್ದ ಆಶ್ರಯ ಕುಸಿಯಿತು. ಭೂಮಿ ಹೊಸ ಒಡೆಯರ ಪಾಲಾಯಿತು. ನ್ಯಾಯಾಲಯದ ಕಲಾಪ ಇಂಗ್ಲಿಷಿನಲ್ಲಿಯೇ ನಡೆಯಬೇಕೆಂದು 1737ರಲ್ಲಿ ಕಾಯಿದೆಯಾಯಿತು.

1831ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಾಲೆಗಳ ಮಾಧ್ಯಮ ಇಂಗ್ಲಿಷ್. ಹಲವೆಡೆ ಮಕ್ಕಳ ಕೊರಳಿಗೆ ಕೋಲೊಂದನ್ನು ಕಟ್ಟಿ, ಐರಿಷ್ ಮಾತನಾಡಿದಾಗಲೆಲ್ಲ ಅದರಲ್ಲಿ ಒಂದೊಂದು ಗೀರು ಕೊರೆದು, ಗೀರುಗಳ ಲೆಕ್ಕಕ್ಕೆ ಸರಿಯಾಗಿ ದಂಡಿಸುವ ಪದ್ಧತಿಯಿತ್ತು. ಇದಕ್ಕೆ ತಂದೆತಾಯಿಗಳ ಸಮ್ಮತಿಯೂ ಇದ್ದಿತೆಂಬುದು ಗಮನಾರ್ಹ. ಉದ್ಯೋಗ, ವ್ಯಾಪಾರ, ಅಮೆರಿಕದ ಹಡಗು, ಎಲ್ಲಕ್ಕೂ ಇಂಗ್ಲಿಷೇ ಬೇಕಾಗಿತ್ತು.

1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಆರಂಭವಾಯಿತು. ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ದೇಶಾಂತರ ಹೋದರು. ಐರಿಷ್ ಮನೆಮಾತಾಗಿದ್ದ ಪಶ್ಚಿಮ ಮತ್ತು ದಕ್ಷಿಣದ ಬಡ ಜಿಲ್ಲೆಗಳೇ ಹೆಚ್ಚು ನಾಶವಾದವು. 1851ರ ಜನಗಣತಿಯಲ್ಲಿ ಸುಮಾರು 15 ಲಕ್ಷವಿದ್ದ ಐರಿಷ್ ಭಾಷಿಕರ ಸಂಖ್ಯೆ 1891ರ ಹೊತ್ತಿಗೆ 7 ಲಕ್ಷಕ್ಕಿಂತ ಕೆಳಗಿಳಿಯಿತು.

ಪುನರುಜ್ಜೀವನ

1893ರಲ್ಲಿ ಡಬ್ಲಿನ್‌ನಲ್ಲಿ ಗೇಲಿಕ್ ಲೀಗ್ ಸ್ಥಾಪನೆಯಾಯಿತು. ಇದರ ಪ್ರಥಮ ಅಧ್ಯಕ್ಷ ಡಗ್ಲಸ್ ಹೈಡ್ 1938ರಲ್ಲಿ ಐರ್ಲೆಂಡಿನ ಪ್ರಥಮ ರಾಷ್ಟ್ರಪತಿಯೂ ಆದರು. ಲೀಗ್ ಊರೂರುಗಳಲ್ಲಿ ತರಗತಿಗಳನ್ನು ನಡೆಸಿತು. ಸ್ವಾತಂತ್ರ್ಯ ಹೋರಾಟದ ಅನೇಕ ನಾಯಕರು ಅದರಿಂದಲೇ ಬಂದರು. ಆದ್ದರಿಂದ 1922ರಲ್ಲಿ ಹೊಸ ರಾಷ್ಟ್ರ ಹುಟ್ಟಿದಾಗ ಭಾಷೆಯ ಪುನಃಸ್ಥಾಪನೆ ಸರ್ಕಾರದ ನೀತಿಯಾಯಿತು.

ಈ ಕೆಲಸದ ಬಹುಪಾಲು ಹೊರೆ ಶಾಲೆಯ ಮೇಲೆ ಬಿದ್ದಿತು. 1958ರಲ್ಲಿ ಕಾಗುಣಿತ ಮತ್ತು ವ್ಯಾಕರಣಗಳ ಅಧಿಕೃತ ಶಿಷ್ಟರೂಪ ಪ್ರಕಟವಾಯಿತು. 1972ರಲ್ಲಿ ಐರಿಷ್ ರೇಡಿಯೋ ಕೇಂದ್ರ, 1996ರಲ್ಲಿ ದೂರದರ್ಶನ ವಾಹಿನಿ ಆರಂಭವಾದವು. 2003ರಲ್ಲಿ ಅಧಿಕೃತ ಭಾಷೆಗಳ ಕಾಯಿದೆ ಬಂದಿತು. 2007ರಲ್ಲಿ ಐರಿಷ್ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಯಾಯಿತು. ಅನುವಾದಕರ ಕೊರತೆಯಿಂದ ಮಿತಗೊಂಡಿದ್ದ ಆ ಸ್ಥಾನ 2022ರ ಜನವರಿಯಲ್ಲಿ ಪೂರ್ಣಗೊಂಡಿತು.

ಗೇಲ್ತಖ್ತ್ ಪ್ರದೇಶಗಳು

ಐರಿಷ್ ಇಂದಿಗೂ ಸಮುದಾಯದ ಮಾತಾಗಿ ಉಳಿದಿರುವ, ಸರ್ಕಾರವು ಗುರುತಿಸಿರುವ ಪ್ರದೇಶಗಳಿಗೆ 'ಗೇಲ್ತಖ್ತ್' ಎಂದು ಹೆಸರು. ಡೊನೆಗಾಲ್, ಮೇಯೋ, ಗಾಲ್ವೇ ಮತ್ತು ಕೆರ್ರಿಯ ಕಡಲತೀರಗಳಲ್ಲಿಯೂ ಕಾರ್ಕ್, ವಾಟರ್‌ಫರ್ಡ್, ಮೀತ್ ಕೌಂಟಿಗಳ ಕೆಲವು ಭಾಗಗಳಲ್ಲಿಯೂ ಇವು ಚದುರಿವೆ. 2022ರಲ್ಲಿ ಇವುಗಳ ಒಟ್ಟು ಜನಸಂಖ್ಯೆ ಸುಮಾರು 1.06 ಲಕ್ಷ. ಶಾಲೆಯ ಹೊರಗೆ ಪ್ರತಿದಿನ ಐರಿಷ್ ಆಡುವವರು 20,261 ಮಂದಿ.

ನಿವಾಸಿಗಳಲ್ಲಿ ಸುಮಾರು ಶೇ. 67ರಷ್ಟು ಜನ ನಿತ್ಯ ಆಡಿದಲ್ಲಿ ಮಾತ್ರ ಸಮುದಾಯದ ಭಾಷೆ ಸ್ಥಿರವಾಗಿ ನಿಲ್ಲುತ್ತದೆಂದು 2007ರ ಸಮಗ್ರ ಭಾಷಾ ಅಧ್ಯಯನ ತಿಳಿಸಿತ್ತು. ಹೀಗೆಯೇ ಮುಂದುವರಿದರೆ ಅತ್ಯಂತ ಬಲಿಷ್ಠ ಗೇಲ್ತಖ್ತ್‌ಗಳಲ್ಲಿಯೂ ಐರಿಷ್‌ಗೆ ಸಮುದಾಯದ ಭಾಷೆಯಾಗಿ 15ರಿಂದ 20 ವರ್ಷಗಳ ಆಯುಸ್ಸು ಮಾತ್ರ ಉಂಟೆಂದು ಅದು ಎಚ್ಚರಿಸಿತು. ಯುನೆಸ್ಕೋ ಕೂಡ ಐರಿಷ್ ಅನ್ನು ಅಪಾಯದಲ್ಲಿರುವ ಭಾಷೆಗಳ ಸಾಲಿನಲ್ಲಿ ಸೇರಿಸಿದೆ. ಇಂದು ಅಲ್ಲಿನ ದೊಡ್ಡ ಚಿಂತೆ ವಸತಿ. ಕಡಲತೀರದ ಮನೆಗಳು ರಜಾಕಾಲದ ನಿವಾಸಗಳಾಗಿ ಬೆಲೆ ಏರಿರುವುದರಿಂದ ಐರಿಷ್ ಮಾತೃಭಾಷೆಯ ಯುವ ದಂಪತಿಗಳಿಗೆ ಹುಟ್ಟೂರಿನಲ್ಲಿ ಮನೆ ದೊರೆಯುವುದು ದುಸ್ತರವಾಗಿದೆ. ಅವರು ನಗರ ಸೇರಿದರೆ ಅವರ ಮಕ್ಕಳ ಮಾತು ಇಂಗ್ಲಿಷಾಗುತ್ತದೆ.

ಉತ್ತರ ಐರ್ಲೆಂಡ್

ಬ್ರಿಟನ್ನಿನ ಅಧೀನದಲ್ಲಿರುವ ಉತ್ತರ ಐರ್ಲೆಂಡಿನಲ್ಲಿ ಈ ಭಾಷೆಗೆ ಬಹುಕಾಲ ಸರ್ಕಾರಿ ಮನ್ನಣೆ ಇರಲಿಲ್ಲ. ಬೆಲ್‌ಫಾಸ್ಟ್‌ನ ಕೆಲವು ಕುಟುಂಬಗಳು ಒಂದೆಡೆ ಮನೆ ಕಟ್ಟಿಕೊಂಡು ಮಕ್ಕಳನ್ನು ಐರಿಷ್‌ನಲ್ಲಿಯೇ ಬೆಳೆಸಿ, 1971ರಲ್ಲಿ ಸ್ವಂತ ಪ್ರಯತ್ನದಿಂದ ಶಾಲೆಯನ್ನೂ ತೆರೆದವು. ಅಲ್ಲಿನ ಐರಿಷ್ ಮಾಧ್ಯಮ ಶಿಕ್ಷಣಕ್ಕೆ ಅದೇ ನಾಂದಿ. 1998ರ ಶಾಂತಿ ಒಪ್ಪಂದ ಭಾಷೆಗೆ ಗೌರವದ ಭರವಸೆ ನೀಡಿತು. ತೀವ್ರ ರಾಜಕೀಯ ವಿವಾದದ ಬಳಿಕ 2022ರ ಕಾಯಿದೆ ಐರಿಷ್‌ಗೆ ಅಧಿಕೃತ ಮನ್ನಣೆ ಕೊಟ್ಟು, 1737ರ ನ್ಯಾಯಾಲಯ ನಿರ್ಬಂಧವನ್ನೂ ರದ್ದುಪಡಿಸಿತು.

ಇಂದಿನ ಸ್ಥಿತಿ

ಭಾಷೆಯ ಪ್ರತಿಷ್ಠೆ ಇಂದು ಏರುಗತಿಯಲ್ಲಿದೆ. ಗೇಲ್ತಖ್ತ್‌ನ ಹೊರಗೂ ಐರಿಷ್ ಮಾಧ್ಯಮ ಶಾಲೆಗಳಿಗೆ ಬೇಡಿಕೆಯಿದೆ. 2022ರಲ್ಲಿ ತೆರೆಕಂಡ 'ಆನ್ ಕ್ಯಾಲೀನ್ ಕ್ಯೂನ್' ಚಿತ್ರ ಮರುವರ್ಷ ಆಸ್ಕರ್ ನಾಮನಿರ್ದೇಶನ ಪಡೆಯಿತು. 2030ರ ಅಂತ್ಯದೊಳಗೆ ಸಾರ್ವಜನಿಕ ಸೇವೆಯ ಹೊಸ ನೇಮಕಾತಿಯಲ್ಲಿ ಶೇ. 20ರಷ್ಟು ಐರಿಷ್ ಬಲ್ಲವರಿರಬೇಕೆಂದು 2021ರ ತಿದ್ದುಪಡಿ ಕಾಯಿದೆ ಗುರಿಯಿಟ್ಟಿದೆ.

ಆದರೂ ಐರಿಷ್ ಬಲ್ಲೆವೆಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮಗೆ ಅದು ಚೆನ್ನಾಗಿ ಬಾರದೆಂದೂ ತಿಳಿಸಿದ್ದಾರೆ. ಶಾಲೆ ಪ್ರತಿವರ್ಷ ಹೊಸ ಕಲಿಕೆದಾರರನ್ನು ಒದಗಿಸಬಲ್ಲದು. ಆದರೆ ತಾಯಿಯಿಂದ ಮಗುವಿಗೆ ಮಾತು ಹರಿಯುವ ಮನೆಗಳನ್ನು ಅದು ನಿರ್ಮಿಸಲಾರದು. ಕಾನೂನು, ಶಾಲೆ, ವಾಹಿನಿಗಳು ದೊರೆತ ಮೇಲೂ ಐರಿಷ್‌ನ ಭವಿಷ್ಯ ಪಶ್ಚಿಮ ತೀರದ ಆ ಕೆಲವು ಸಾವಿರ ಮನೆಗಳನ್ನೂ, ಬೆಲ್‌ಫಾಸ್ಟ್‌ನ ಆ ಕುಟುಂಬಗಳ ಹಾದಿ ಹಿಡಿಯುವವರನ್ನೂ ಅವಲಂಬಿಸಿದೆ.