ಕಾಫಿ ಬಿದ್ದ ಕಾಲದಲ್ಲಿ ಹುಟ್ಟಿದ ಹೋಂಸ್ಟೇ

ಇಯರ್‌ಫೋನ್ ಹಾಕ್ಕೊಂಡು ಈ ಎಪಿಸೋಡ್ ಕೇಳ್ತಿರೋರಲ್ಲಿ ತುಂಬಾ ಜನ ಒಂದಲ್ಲ ಒಂದು ಸಲ ಕೊಡಗಿಗೆ ಹೋಗಿ ಬಂದಿರ್ತೀರಿ. ಶುಕ್ರವಾರ ರಾತ್ರಿ ಗ್ರೂಪಲ್ಲಿ ಯಾರೋ ಒಬ್ಬ ಲಿಂಕ್ ಹಾಕ್ತಾನೆ, ಶನಿವಾರ ಮಧ್ಯಾಹ್ನ ತೋಟದ ಮಧ್ಯದ ಹಂಚಿನ ಮನೇಲಿ ಬಿಸಿ ಅಕ್ಕಿ ರೊಟ್ಟಿ ತಿಂತಾ ಕೂತಿರ್ತೀರಿ. ಅದನ್ನ ನೋಡಿದ್ರೆ ಹೋಂಸ್ಟೇ ಅನ್ನೋದು ಮಲೆನಾಡಿನವರ ಅತಿಥಿ ಸತ್ಕಾರದಿಂದಲೇ ಹುಟ್ಟಿದ್ದು ಅನ್ಸುತ್ತೆ. ಜಾಹೀರಾತುಗಳೂ ಹಾಗೇ ಹೇಳ್ತವೆ.

ನಾನು ಬಿ.ಕಾಂ. ಓದಿದವನು. ಲೆಕ್ಕದ ಪುಸ್ತಕ ನೋಡದೆ ಯಾವ ಕಥೆಯನ್ನೂ ಪೂರ್ತಿ ನಂಬೋ ಅಭ್ಯಾಸ ಇಲ್ಲ. ಸೋಮವಾರಪೇಟೆ ಕಡೆ ನಮ್ಮ ದೊಡ್ಡಮ್ಮನ ಮನೇಲಿ ಅಂಥದ್ದೊಂದು ಪುಸ್ತಕ ಇದೆ. ಹಳೇ ಉದ್ದ ನೋಟ್‌ಬುಕ್. ಮುಂದಿನಿಂದ ತೆರೆದರೆ ಕಾಫಿ ಲೆಕ್ಕ, ತಿರುಗಿಸಿ ಹಿಂದಿನಿಂದ ತೆರೆದರೆ ಅತಿಥಿಗಳ ಲೆಕ್ಕ. ಅತಿಥಿಗಳ ಮೊದಲ ಸಾಲು 2003ರದ್ದು. ಆ ಹೊತ್ತಿಗೇ ಯಾಕೆ ಶುರುವಾಯ್ತು ಅಂತ ಹುಡುಕ್ತಾ ಹೋದ್ರೆ ಎರಡನೇ ಮಹಾಯುದ್ಧದವರೆಗೂ ಹಿಂದಕ್ಕೆ ಹೋಗ್ಬೇಕಾಗುತ್ತೆ. ಸ್ವಲ್ಪ ತಾಳ್ಮೆಯಿಂದ ಬನ್ನಿ.

ಯುದ್ಧ ಶುರುವಾದಾಗ ನಮ್ಮ ಕಾಫಿಗೆ ಯುರೋಪಿನ ಮಾರುಕಟ್ಟೆ ಕೈತಪ್ಪಿತು. ಬೆಳೆಗಾರರು ಮುಳುಗಬಾರದು ಅಂತ ಅಂದಿನ ಸರ್ಕಾರ ಮಧ್ಯೆ ಬಂತು. ಅದೇ ಮುಂದೆ 1942ರ ಕಾಫಿ ಕಾಯ್ದೆ ಆಯ್ತು. ಅದರ ಹೃದಯ ಅಂದ್ರೆ 'ಪೂಲ್' ವ್ಯವಸ್ಥೆ. ಬೆಳೆದ ಕಾಫಿಯನ್ನ ಬೆಳೆಗಾರ ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕು. ಮನೆ ಬಳಕೆಗೆ, ಬೀಜಕ್ಕೆ ಅಂತ ಇಷ್ಟು ಇಟ್ಕೋಬಹುದು, ಅಷ್ಟೇ. ಹರಾಜು ಹಾಕೋದು ಬೋರ್ಡ್. ಒಪ್ಪಿಸಿದಾಗ ಸ್ವಲ್ಪ ಮುಂಗಡ, ಉಳಿದದ್ದು ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಬರೋದು. ಈ ವರ್ಷದ ಕಾಫಿ ದುಡ್ಡು ಪೂರ್ತಿ ಕೈಗೆ ಬರೋ ಹೊತ್ತಿಗೆ ಮುಂದಿನ ವರ್ಷದ ಹೂವು ಉದುರಿರ್ತಿತ್ತು ಅಂತ ದೊಡ್ಡಪ್ಪ ಹೇಳೋರು.

ಒಂದು ಕ್ಷಣ ಇದನ್ನ ಮನಸ್ಸಿಗೆ ತಗೊಳ್ಳಿ. ಸ್ವಂತ ಜಮೀನಲ್ಲಿ, ಸ್ವಂತ ಖರ್ಚಲ್ಲಿ ಬೆಳೆದದ್ದನ್ನ ಸ್ವಂತವಾಗಿ ಮಾರಿದ್ರೆ ಅದು ಕಾನೂನುಬಾಹಿರ. ಬೆಳೆಗಾರನಿಗೆ ಕೊಳ್ಳೋನ ಮುಖವೇ ಗೊತ್ತಿಲ್ಲ. ಬೈಗುಳ ಸಾಕಷ್ಟಿತ್ತು. ಆದರೆ ಒಂದು ಮಾತು ಒಪ್ಕೋಬೇಕು: ಹತ್ತು ಎಕರೆಯೊಳಗಿನ ಸಣ್ಣ ಬೆಳೆಗಾರ ರಾತ್ರಿ ನಿದ್ದೆ ಮಾಡ್ತಿದ್ದ. ಹೊರಗಿನ ಬೆಲೆಯೂ ಸುಮಾರು ಸ್ಥಿರವಾಗಿತ್ತು. ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಯಾವ ದೇಶ ಎಷ್ಟು ರಫ್ತು ಮಾಡಬೇಕು ಅನ್ನೋದಕ್ಕೆ ಕೋಟಾ ಇತ್ತು, ಪೌಂಡಿಗೆ 120ರಿಂದ 140 ಸೆಂಟ್ ಒಳಗೆ ಬೆಲೆ ನಿಲ್ಲಬೇಕು ಅನ್ನೋದು ಗುರಿ. ಅದಕ್ಕೆ ಹೊರಗೆ ಸೋವಿಯತ್ ಒಕ್ಕೂಟ ಬೇರೆ ನಮ್ಮ ಕಾಫಿಯನ್ನ ಚೆನ್ನಾಗಿ ಕೊಳ್ತಿತ್ತು.

1989ರ ಜುಲೈನಲ್ಲಿ ಕೋಟಾ ಬಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಬಿತ್ತು. ಅದೇ ವರ್ಷ ನಮ್ಮಲ್ಲಿ ಉದಾರೀಕರಣ. ಮುಂದಿನ ವರ್ಷದಿಂದ ಪೂಲ್ ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ಪೂರ್ತಿ ಸ್ವತಂತ್ರ. ಟೈಮಿಂಗ್ ನೋಡಿ: 1994ರಲ್ಲಿ ಬ್ರೆಜಿಲ್‌ನಲ್ಲಿ ಕಡು ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಗಿಡ ಸುಟ್ಟುಹೋಗಿ, ಇಲ್ಲಿ ಬೆಲೆ ಆಕಾಶಕ್ಕೆ. ನಮ್ಮ ದೊಡ್ಡಪ್ಪ ಮಾರುತಿ ಓಮ್ನಿ ಕೊಂಡಿದ್ದು ಆಗಲೇ. ಮುಕ್ತ ಮಾರುಕಟ್ಟೆ ಅಂದ್ರೆ ಇದೇ ಇರಬೇಕು ಅಂತ ಎಲ್ರೂ ಅಂದ್ಕೊಂಡ್ರು. ಗೊಬ್ಬರಕ್ಕೆ, ಕಣಕ್ಕೆ, ಹೊಸ ಗಿಡಕ್ಕೆ ಬ್ಯಾಂಕಲ್ಲಿ ಧೈರ್ಯವಾಗಿ ಸಾಲ ಮಾಡಿದ್ರು.

ಆಮೇಲೆ ವಿಯೆಟ್ನಾಂ ಬಂತು. 1990ರ ದಶಕದ ಕೊನೆಗೆ ಅದು ಬ್ರೆಜಿಲ್ ಬಿಟ್ಟರೆ ಜಗತ್ತಿನ ಎರಡನೇ ದೊಡ್ಡ ಕಾಫಿ ದೇಶ. 2001, 2002ರಲ್ಲಿ ಅಂತರರಾಷ್ಟ್ರೀಯ ಸರಾಸರಿ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ. ಈ ವರ್ಷಗಳಲ್ಲಿ ದೊಡ್ಡಮ್ಮನ ನೋಟ್‌ಬುಕ್ಕಿನ ಮುಂದಿನ ಭಾಗ ಓದೋಕೆ ಸಂಕಟ ಆಗುತ್ತೆ. ಕೊಯ್ಲಿನ ಕೂಲಿ ಇಷ್ಟು, ಮೂಟೆಗೆ ಬಂದದ್ದು ಇಷ್ಟು, ಕೆಳಗೆ ಗೆರೆ, ಗೆರೆ ಕೆಳಗೆ ಏನೂ ಬರೆದಿಲ್ಲ. ಕಳೆಯೋ ಲೆಕ್ಕ ಮಾಡೋಕೆ ಮನಸ್ಸು ಬರಲಿಲ್ಲವಂತೆ. ಜೊತೆಗೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ.

ಅದೇ ಹೊತ್ತಲ್ಲಿ ಬೆಂಗಳೂರಲ್ಲಿ ಉಲ್ಟಾ ನಡೀತಿತ್ತು. ಐಟಿ ಕಂಪನಿಗಳು, ವಾರಕ್ಕೆ ಎರಡು ದಿನ ರಜೆ, ಕೈಯಲ್ಲಿ ಸಂಬಳ, ಮೊದಲ ಕಾರು. ದೊಡ್ಡ ತೋಟದವರಿಗೆ ಇದರ ವಾಸನೆ ಮೊದಲೇ ಸಿಕ್ಕಿತ್ತು. ಸಿದ್ದಾಪುರದ ಹತ್ತಿರ ಆರೆಂಜ್ ಕೌಂಟಿ ರೆಸಾರ್ಟ್ 1990ರ ದಶಕದಲ್ಲೇ ಇತ್ತು. ಸಣ್ಣವರ ಹತ್ರ ಇದ್ದದ್ದು ಮಕ್ಕಳು ಓದೋಕೆ ಹೋಗಿ ಖಾಲಿಯಾದ ಎರಡು ಕೋಣೆ.

2003ರಲ್ಲಿ ನನ್ನ ಅಣ್ಣ, ಅಂದ್ರೆ ದೊಡ್ಡಮ್ಮನ ಮಗ, ಆಫೀಸಿನ ನಾಲ್ಕು ಜನರನ್ನ ಕರ್ಕೊಂಡು ಬಂದ. ಮಳೆಗಾಲ. ದೊಡ್ಡಮ್ಮ ಕಣಿಲೆ ಸಾರು, ಕಡುಬು ಮಾಡಿ ಹಾಕಿದ್ರು. ಹೊರಡುವಾಗ ಅವರು ದುಡ್ಡು ಕೊಡೋಕೆ ಬಂದ್ರೆ ಇವರಿಗೆ ಸಿಟ್ಟೇ ಬಂತು: "ಊಟ ಹಾಕಿ ದುಡ್ಡು ತಗೊಳ್ಳೋಕೆ ಇದೇನು ಹೋಟ್ಲಾ?" ಅವರು ಸುಮ್ಮನೆ ಕಾಫಿ ಲೋಟದ ಕೆಳಗೆ ಕವರ್ ಇಟ್ಟು ಹೋಗಿದ್ರು. ಒಳಗೆ 2,000 ರೂಪಾಯಿ. ಎರಡು ದಿನ ದೇವರ ಕೋಣೆಯಲ್ಲಿಟ್ಟಿದ್ದು, ಮೂರನೇ ದಿನ ಸೊಸೈಟಿಯ ಸಾಲಕ್ಕೆ ಕಟ್ಟಿದ್ರಂತೆ. ನೋಟ್‌ಬುಕ್ ತಿರುಗಿಸಿ ಹಿಂದಿನ ಪುಟದಲ್ಲಿ ಬರೆದ ಮೊದಲ ಸಾಲು ಅದು.

ಕೊಡಗಿನ ಎಲ್ಲಾ ಹೋಂಸ್ಟೇಗಳೂ ಹೀಗೇ ಹುಟ್ಟಿದವು ಅಂತ ನಾನು ಹೇಳ್ತಿಲ್ಲ. ಆದರೆ ಅಲ್ಲಿ ಹಳಬರನ್ನ ಮಾತಾಡಿಸಿ ನೋಡಿ. "ಕಾಫಿ ಬಿದ್ದಾಗ ಶುರು ಮಾಡಿದ್ವಿ" ಅನ್ನೋ ಮಾತು ಎಷ್ಟು ಬಾಯಲ್ಲಿ ಬರುತ್ತೆ ಅಂತ ಗೊತ್ತಾಗುತ್ತೆ. ಆ ಮೊದಲ ಹತ್ತು ವರ್ಷ ಚೆನ್ನಾಗಿತ್ತು. ಒಬ್ಬರು ಇನ್ನೊಬ್ಬರಿಗೆ ಹೇಳಿ ಜನ ಬರೋರು, ಲ್ಯಾಂಡ್‌ಲೈನಿಗೆ ಫೋನ್, ಮುಂಗಡ ಮನಿಯಾರ್ಡರೋ ಬ್ಯಾಂಕೋ. ತಮ್ಮ ಜೀವನದಲ್ಲಿ ಮೊದಲ ಸಲ ದೊಡ್ಡಮ್ಮ, ದೊಡ್ಡಪ್ಪ ಕೊಳ್ಳೋನ ಮುಖ ನೋಡಿದ್ರು, ಬೆಲೆ ತಾವೇ ಹೇಳಿದ್ರು.

ನಂತರ ಬುಕಿಂಗ್ ಆಪ್‌ಗಳು. ಶುರುವಲ್ಲಿ ಖುಷಿಯೇ. ಫೋಟೋ ತೆಗೆಯೋಕೆ ಹುಡುಗರು ಬಂದ್ರು, ಯಾವತ್ತೂ ಖಾಲಿ ಇರ್ತಿದ್ದ ಸೋಮವಾರವೂ ಜನ. ಈಗಿನ ಲೆಕ್ಕ ಕೇಳಿ: ರೂಮಿಗೆ 3,000 ರೂಪಾಯಿ. ಆಪ್ ಕಮಿಷನ್ ಶೇ 20, ಅಂದ್ರೆ 600. ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ, 108. ಹಬ್ಬದ ಆಫರ್ ಅಂತ ನಿಮಗೆ ಕಾಣೋ 'ಫ್ಲಾಟ್ 15' ಇದೆಯಲ್ಲ, ಅದೂ ದೊಡ್ಡಮ್ಮನ ಜೇಬಿಂದಲೇ. ದುಡ್ಡು ಅತಿಥಿ ಬುಕ್ ಮಾಡಿದಾಗ ಆಪ್‌ಗೆ ಹೋಗುತ್ತೆ, ಅವರು ಬಂದು ಹೋದ ಮೇಲೆ ಇವರ ಖಾತೆಗೆ. "ನೇರ ಫೋನ್ ಮಾಡಿದವರಿಗೆ ಕಡಿಮೆ ಮಾಡಬೇಡಿ" ಅಂತ ಮಾತು ಬೇರೆ. ಈ ಸಮಸ್ಯೆ ಒಂದು ಮನೆಯದ್ದಲ್ಲ. ಹೋಟೆಲ್‌ಗಳು ಬೇರೆ ಕಡೆ ಕಡಿಮೆ ಬೆಲೆಗೆ ರೂಮ್ ಕೊಡದಂತೆ ಷರತ್ತು ಹಾಕಿದ ವಿಚಾರದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೋಗೆ 223 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು.

ಆ ಆದೇಶದ ಸುದ್ದಿಯನ್ನ ನಾನು ದೊಡ್ಡಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅವರು ಅಂದದ್ದು: "ನಮ್ಮ ಮಾಲು ನಾವೇ ಮಾರಂಗಿಲ್ಲ, ಬೆಲೆ ಅವರು ಹೇಳ್ತಾರೆ, ದುಡ್ಡು ಆಮೇಲೆ. ಇದು ಪೂಲೇ ಅಲ್ವೇನೋ ಮಗಾ?"

ಬಿ.ಕಾಂ.ನ ಮೂರು ವರ್ಷದಲ್ಲಿ ನನಗೆ ಇಷ್ಟು ಚುಟುಕಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ವ್ಯತ್ಯಾಸವೂ ಇದೆ, ಅದನ್ನೂ ಅವರೇ ಹೇಳಿದ್ರು. ಬೋರ್ಡ್ ಕಂತಲ್ಲಿ ಕೊಡ್ತಿದ್ರೂ ಬೆಳೆದಷ್ಟನ್ನೂ ತಗೊಳ್ತಿತ್ತು. ಆಪ್‌ಗೆ ಆ ಹಂಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಬುಕಿಂಗ್ ಎಲ್ಲಾ ಒಂದೇ ದಿನ ರದ್ದು. 2020ರ ಲಾಕ್‌ಡೌನ್‌ನಲ್ಲೂ ಅದೇ. ರೂಮ್ ಖಾಲಿ ಇದ್ದ ತಿಂಗಳಲ್ಲಿ ಮನೆ ನಡೆಸಿದ್ದು ಮತ್ತೆ ಅದೇ ಬೀಳಿನ ಕಾಫಿ.

ಈಗ ಚಕ್ರ ತಿರುಗಿದೆ. 2025ರ ಫೆಬ್ರುವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಮಾಡಿತು. ಅಣ್ಣನಿಗೆ ಮಾತ್ರ ಬೇರೆ ಯೋಚನೆ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆದಮೇಲೆ ಜನ ಇನ್ನೂ ಹೆಚ್ಚಾಗಿದ್ದಾರೆ, ಕೆಳಗಿನ ಒಂದು ಎಕರೆ ತೆಗೆದು ನಾಲ್ಕು ಕಾಟೇಜ್, ಒಂದು ಈಜುಕೊಳ ಮಾಡೋಣ ಅಂತಾನೆ. ಅವನ ಎಕ್ಸೆಲ್ ಶೀಟ್ ನಾನೇ ನೋಡಿದ್ದೀನಿ, ಲೆಕ್ಕ ತಪ್ಪಿಲ್ಲ. ಆದರೆ ಅದರಲ್ಲಿ ವರ್ಷವಿಡೀ ಇಂತಿಷ್ಟು ರೂಮ್ ತುಂಬುತ್ತೆ ಅಂತ ಒಂದು ಕಾಲಂ ಇದೆ. ಆ ಕಾಲಂ 1995ರಲ್ಲಿ ಕಾಫಿ ಸಾಲ ಮಾಡಿದವರ ತಲೆಯಲ್ಲೂ ಇತ್ತು. ನನ್ನ ಅಭಿಪ್ರಾಯ ಕೇಳಿದ್ರೆ ಗಿಡ ತೆಗೀಬಾರದು. ಅಣ್ಣ ನನ್ನ ಅಭಿಪ್ರಾಯ ಕೇಳಿಲ್ಲ.

ತಮಾಷೆ ಏನಂದ್ರೆ ಅರೇಬಿಕಾ ಕೊಯ್ಲೂ ಡಿಸೆಂಬರಲ್ಲೇ, ಕ್ರಿಸ್‌ಮಸ್–ಹೊಸ ವರ್ಷದ ರಶ್ಶೂ ಡಿಸೆಂಬರಲ್ಲೇ. ಅತಿಥಿಗಳಿಗೆ ರೊಟ್ಟಿ ತಟ್ಟೋ ಕೈಯೇ ಹಣ್ಣು ಕೊಯ್ಯೋ ಕೈ. ಕಳೆದ ಡಿಸೆಂಬರಲ್ಲಿ ದೊಡ್ಡಮ್ಮ ಅಣ್ಣನ ಹತ್ರ ಫೋನ್ ಕೊಟ್ಟು, ಇಪ್ಪತ್ತನೇ ತಾರೀಕಿಂದ ಜನವರಿ ಹತ್ತರವರೆಗೆ ಆಪ್‌ನಲ್ಲಿ ರೂಮ್ ಬ್ಲಾಕ್ ಮಾಡಿಸಿದ್ರು. ಹೀಗೆ ಮಾಡಿದ್ರೆ ಲಿಸ್ಟಲ್ಲಿ ಕೆಳಗೆ ಹೋಗ್ತೀವಿ ಅಂತ ಅವನು ಗೊಣಗಿದ. ಹೊಸ ವರ್ಷಕ್ಕೆ ಬರ್ತೀನಿ ಅಂತ ನಾನು ಫೋನ್ ಮಾಡಿದ್ರೆ, "ಬಾ, ಆದ್ರೆ ರೂಮ್ ಇಲ್ಲ, ಎರಡರಲ್ಲೂ ಮೂಟೆ ಇಟ್ಟಿದ್ದೀವಿ. ಹಾಲಲ್ಲಿ ಮಲಕ್ಕೋ, ಬೆಳಗ್ಗೆ ಕಣದಲ್ಲಿ ಕಾಫಿ ಹರವೋಕೆ ಒಬ್ಬರು ಕಡಿಮೆ ಇದ್ದಾರೆ" ಅಂದ್ರು.